ಲಾರಿಗೆ ದಾರಿ, ಸೈಕಲ್ಲಿಗೆ ದಂಡ

ನಮ್ಮೂರಲ್ಲಿ ಜಲ್ಲಿ ರಸ್ತೆ ಅಂದ್ರೆ ಅದೊಂದು ದೂರು. "ಜಲ್ಲಿ ಹಾಕಿ ಹೋದೋರು ಟಾರು ಹಾಕೋಕೆ ಬರಲೇ ಇಲ್ಲ" ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳೋ ಮಾತು. ನಾನು ತೀರ್ಥಹಳ್ಳಿ ಕಡೆಯವನು. ಹೈಸ್ಕೂಲಿಗೆ ಹೋಗ್ತಿದ್ದ ಐದು ಕಿ.ಮೀ. ರಸ್ತೆ ನಾನು ಎಸ್ಸೆಲ್ಸಿ ಮುಗಿಸುವವರೆಗೂ ಜಲ್ಲಿಯಾಗೇ ಇತ್ತು. ಅಪ್ಪನ ಹಳೇ ಸೈಕಲ್ಲಲ್ಲಿ ಇಳಿಜಾರಲ್ಲಿ ಬಿದ್ದು ಮೊಣಕಾಲು ಕಿತ್ತುಕೊಂಡ ಗುರುತು ಇನ್ನೂ ಇದೆ. ಈಗ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಕೂತು, ಅದೇ ಜಲ್ಲಿ ಮೇಲೆ ಓಡಿಸೋಕಂತಲೇ ಮಾಡಿದ ಸೈಕಲ್ಲಿಗೆ ಎರಡು ಸಾವಿರ ಯೂರೋ ಕೊಟ್ಟೆ ಅಂತ ಫೋನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲಿ ಟಾರ್ ರಸ್ತೆ ಇಲ್ವೇನೋ?" ಅಂತ ಕೇಳಿದ್ರು.

ಇದೆಯಪ್ಪಾ. ಬೇಕಾದಷ್ಟಿದೆ. ಆದ್ರೆ ಟಾರ್ ರಸ್ತೆ ತುಂಬ ಕಾರು, ಮೋಟಾರ್ ಬೈಕು. ಈ ಕಣಿವೆಗಳ ನಿಜವಾದ ಸಂಪತ್ತು ಅಂದ್ರೆ ಬೆಟ್ಟದ ಮಗ್ಗುಲಲ್ಲಿ ಹಾವಿನ ಹಾಗೆ ಹತ್ತಿಕೊಂಡು ಹೋಗೋ ಬಿಳೀ ಜಲ್ಲಿ ರಸ್ತೆಗಳು. ಮರ ಸಾಗಿಸೋಕೆ ಮಾಡಿದ ಅರಣ್ಯ ರಸ್ತೆ, ಬೇಸಿಗೆಯಲ್ಲಿ ದನ ಮೇಯಿಸೋ ಎತ್ತರದ ಹುಲ್ಲುಗಾವಲಿಗೆ ಹೋಗೋ ರಸ್ತೆ. ಆ ಹುಲ್ಲುಗಾವಲಿಗೆ ಇಲ್ಲಿ ಆಲ್ಮ್ ಅಂತಾರೆ. ನಮ್ಮ ಗೋಮಾಳ ಅಂದ್ಕೊಳ್ಳಿ, ಮೇಲೊಂದು ಗುಡಿಸಲು, ಅದರಲ್ಲಿ ಹಾಲು, ಚೀಸು, ಬಾಯಾರಿದವರಿಗೆ ಮಜ್ಜಿಗೆ ಕೂಡ. ಅಗಲ ಟೈರು, ಬಾಗಿದ ಹ್ಯಾಂಡಲ್ಲು, ಸಣ್ಣ ಗೇರು ಇರೋ ಗ್ರಾವೆಲ್ ಬೈಕ್ ಅನ್ನೋ ಜಾತಿ ಹುಟ್ಟಿದ್ದೇ ಇಂಥ ರಸ್ತೆಗಳಿಗೆ. ಮೌಂಟನ್ ಬೈಕಿನವರ ಹಾಗೆ ಬಂಡೆಯಿಂದ ಬಂಡೆಗೆ ಹಾರೋ ಆಸೆ ನಮಗಿಲ್ಲ. ನಲವತ್ತೈದು ದಾಟಿದ ಮೊಣಕಾಲು, ಮಧ್ಯಾಹ್ನದ ಬುತ್ತಿ, ಲಾರಿ ಹೋಗುವಷ್ಟು ಅಗಲದ ರಸ್ತೆ. ಇಷ್ಟೇ ನಮ್ಮ ಬೇಡಿಕೆ.

ಸಮಸ್ಯೆ ಏನಂದ್ರೆ ಈ ದೇಶದಲ್ಲಿ ಆ ರಸ್ತೆಯಲ್ಲಿ ಲಾರಿ ಹೋಗಬಹುದು, ಸೈಕಲ್ ಹೋಗೋ ಹಾಗಿಲ್ಲ.

ಕಳೆದ ವರ್ಷ ಜೂನಿನಲ್ಲಿ ಆದದ್ದು ಹೇಳ್ತೀನಿ. ಊರಿನ ಹೆಸರು ಬೇಡ, ಇನ್ ನದಿಗೆ ಸೇರೋ ಒಂದು ಪಕ್ಕದ ಕಣಿವೆ ಅಂದ್ಕೊಳ್ಳಿ. ನಾನು, ಹನ್ನೆರಡು ವರ್ಷದ ಮಗಳು. ಯಾರೋ ಪುಣ್ಯಾತ್ಮರು ಆ್ಯಪಿನಲ್ಲಿ ಹಾಕಿದ್ದ ದಾರಿ ಹಿಡಿದು ಹೋಗ್ತಿದ್ವಿ. ತಡೆಗಂಬ ಇತ್ತು, ಪಕ್ಕದಲ್ಲಿ ಸಂದಿ ಇತ್ತು, ಬೋರ್ಡ್ ಇದ್ದದ್ದು ಕೊಂಬೆ ಮರೆಯಲ್ಲಿ. ನೋಡಲಿಲ್ಲ ಅಂತ ಸುಳ್ಳು ಹೇಳೋದಿಲ್ಲ. ನೋಡಿದೆ, ಲಾರಿಗಳಿಗೆ ಇರಬೇಕು ಅಂದ್ಕೊಂಡೆ. ಎರಡು ಕಿ.ಮೀ. ಹತ್ತಿದ ಮೇಲೆ ಹಿಂದಿನಿಂದ ದಿಮ್ಮಿ ತುಂಬಿದ ಲಾರಿಯಲ್ಲ, ಖಾಲಿ ಲಾರಿ ಬಂತು, ದಿಮ್ಮಿ ತರೋಕೆ ಹೊರಟದ್ದು. ಪಕ್ಕಕ್ಕೆ ನಿಂತ್ವಿ. ಡ್ರೈವರ್ ಕೈ ಬೀಸಿ ನಕ್ಕ. ಅದರ ಹಿಂದೆ ಬಂದ ಜೀಪಿನಲ್ಲಿದ್ದ ಹಸಿರು ಕೋಟಿನ ಹಿರಿಯರು ನಗಲಿಲ್ಲ. ಇಳಿದರು, ನಮ್ಮ ಫೋಟೋ ತೆಗೆದರು, ಹೆಸರು ಕೇಳಿದರು. ಕೊಟ್ಟೆ. ಮಗಳೆದುರು ಓಡಿ ಹೋಗೋದು ಹೇಗೆ? ಮೂರು ವಾರದ ಮೇಲೆ ವಕೀಲರ ಪತ್ರ ಬಂತು. ಸ್ವಾಧೀನಕ್ಕೆ ಭಂಗ ತಂದಿದ್ದೀರಿ, ಇನ್ನು ಮುಂದೆ ಆ ರಸ್ತೆಗೆ ಬರೋದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ, ಜೊತೆಗೆ ವಕೀಲರ ಖರ್ಚು ಮುನ್ನೂರು ಚಿಲ್ಲರೆ ಯೂರೋ ಕಟ್ಟಿ, ಇಲ್ಲಾಂದ್ರೆ ಕೋರ್ಟು. ಸಹಿ ಹಾಕಿದೆ, ಕಟ್ಟಿದೆ. ಪತ್ರ ಓದಿದ ಮಗಳು (ಜರ್ಮನ್ ನನಗಿಂತ ಅವಳಿಗೇ ಚೆನ್ನಾಗಿ ಬರೋದು) ಕನ್ನಡದಲ್ಲಿ ಕೇಳಿದಳು: "ಅಪ್ಪಾ, ನಾವು ಏನಾದ್ರೂ ಕದ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ಈ ಕಾನೂನನ್ನೆಲ್ಲ ಓದಿದೆ. ಓದಿದಷ್ಟೂ ಸಿಟ್ಟು ಬಂತು. ಆ ಸಿಟ್ಟೇ ಈ ಲೇಖನ.

ಆಸ್ಟ್ರಿಯಾದ ಅರಣ್ಯ ಕಾಯ್ದೆ ಬಂದದ್ದು 1975ರಲ್ಲಿ. ಅದರ 33ನೇ ಕಲಂ ಹೇಳೋದಿಷ್ಟು: ವಿಹಾರಕ್ಕಾಗಿ ಯಾರು ಬೇಕಾದರೂ ಕಾಡಿನೊಳಗೆ ಹೋಗಬಹುದು, ಅಲ್ಲಿ ಇರಬಹುದು. ಅದು ದೊಡ್ಡ ಮಾತು, ಅಲ್ಲಗಳೆಯೋದಿಲ್ಲ. ಅದಕ್ಕೂ ಮುಂಚೆ ಕಾಡಿನ ಒಡೆಯ ಬೇಡ ಅಂದ್ರೆ ನಡೆಯೋರಿಗೂ ಬಾಗಿಲು ಮುಚ್ಚೋದು. ಬೇಟೆಗಾಗಿ ರಾಜರು, ಡ್ಯೂಕುಗಳು ಇಡೀ ಕಣಿವೆಗಳನ್ನೇ ಕಾದಿಟ್ಟುಕೊಂಡಿದ್ದ ನಾಡು ಇದು. 1895ರಲ್ಲಿ ವಿಯೆನ್ನಾದ ಕಾರ್ಮಿಕರು ಕಟ್ಟಿದ ನಟೂರ್‌ಫ್ರೊಯಿಂಡೆ, ಅಂದ್ರೆ ಪ್ರಕೃತಿ ಸ್ನೇಹಿತರು ಅನ್ನೋ ಸಂಘ ಬೆಟ್ಟದ ದಾರಿಗಳಲ್ಲಿ ನಡೆಯೋ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿತು. ಭಾನುವಾರ ಒಂದೇ ದಿನ ರಜಾ ಇದ್ದ ಕಾರ್ಖಾನೆ ಕೆಲಸಗಾರ ಬೆಟ್ಟದ ಬುಡಕ್ಕೆ ಬಂದ್ರೆ ಅಲ್ಲಿ "ಪ್ರವೇಶವಿಲ್ಲ" ಬೋರ್ಡು. 33ನೇ ಕಲಂ ಆ ಬೋರ್ಡನ್ನು ಕಿತ್ತುಹಾಕಿತು.

ಆದ್ರೆ ಅದೇ ಕಲಂ ಮುಂದುವರಿದು, ವಾಹನ ಓಡಿಸೋದು, ಕುದುರೆ ಸವಾರಿ, ಡೇರೆ ಹಾಕೋದು ಇವಕ್ಕೆಲ್ಲ ಮಾಲೀಕರ ಒಪ್ಪಿಗೆ ಬೇಕು ಅನ್ನುತ್ತೆ. ಅರಣ್ಯ ರಸ್ತೆಯಾದ್ರೆ ಆ ರಸ್ತೆ ನೋಡಿಕೊಳ್ಳೋರ ಒಪ್ಪಿಗೆ. ಸೈಕಲ್ ಕೂಡ ಆ ಬುಟ್ಟಿಗೇ ಬಿತ್ತು. ಮೀರಿದರೆ 730 ಯೂರೋವರೆಗೆ ದಂಡ, ಅದರ ಮೇಲೆ ನನಗೆ ಬಂದಂಥ ಸಿವಿಲ್ ಪತ್ರ ಬೇರೆ. 1975ರಲ್ಲಿ ಈ ಬೆಟ್ಟಗಳಲ್ಲಿ ಸೈಕಲ್ ಹೊಡೆಯೋರು ಯಾರಿದ್ದರು ಸ್ವಾಮಿ? ಮೌಂಟನ್ ಬೈಕ್ ಅನ್ನೋದು ಆಗಿನ್ನೂ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಕೆಲವು ಹುಡುಗರ ಹುಚ್ಚಾಟ. ಶಾಸನ ಬರೆದವರು ಕಣ್ಣ ಮುಂದೆ ಇಟ್ಟುಕೊಂಡದ್ದು ಕಾರು, ಮೋಪೆಡ್ಡು. ಇಲ್ಲದ ಪ್ರಾಣಿಯನ್ನು ನಿಷೇಧಿಸಿದರು; ಆಮೇಲೆ ಆ ಪ್ರಾಣಿ ಹುಟ್ಟಿತು. ಅರ್ಧ ಶತಮಾನ ಆಯ್ತು, ಕಲಂ ಹಾಗೇ ಇದೆ.

ಈಗ ಗಡಿ ದಾಟಿ ನೋಡಿ. ಇನ್ಸ್‌ಬ್ರುಕ್‌ನಿಂದ ಬೆಟ್ಟ ಹತ್ತಿಕೊಂಡು ಹೋಗೋ ರೈಲಿದೆ, 1912ರಲ್ಲಿ ಶುರುವಾದ ಲೈನು, ಜೇಫೆಲ್ಡ್ ದಾಟಿ ಶಾರ್ನಿಟ್ಸ್‌ಗೆ ಬಂದು ಮುಂದೆ ಜರ್ಮನಿಯ ಮಿಟ್ಟೆನ್‌ವಾಲ್ಡಿಗೆ ಹೋಗುತ್ತೆ. ಶಾರ್ನಿಟ್ಸ್ ಟಿರೋಲಿನ ಕೊನೇ ಹಳ್ಳಿ, ಮಿಟ್ಟೆನ್‌ವಾಲ್ಡ್ ಬವೇರಿಯಾದ ಮೊದಲ ಊರು. ಒಂದೇ ಇಸಾರ್ ನದಿ ಎರಡೂ ಊರಲ್ಲಿ ಹರಿಯುತ್ತೆ. ಒಂದೇ ಸುಣ್ಣಕಲ್ಲಿನ ಬೆಟ್ಟ, ಒಂದೇ ಸ್ಪ್ರೂಸ್ ಮರ, ಒಂದೇ ಕೆಂಪು ಜಿಂಕೆ. ಆದ್ರೆ ಬವೇರಿಯಾದ ಸಂವಿಧಾನದಲ್ಲೇ, 1946ರದ್ದು ಅದು, 141ನೇ ವಿಧಿಯಲ್ಲಿ ಬರೆದಿಟ್ಟಿದ್ದಾರೆ: ಪ್ರಕೃತಿಯ ಸೊಬಗು ಸವಿಯೋದು, ಕಾಡಿಗೆ, ಬೆಟ್ಟದ ಹುಲ್ಲುಗಾವಲಿಗೆ ಹೋಗೋದು, ವಾಡಿಕೆಯಷ್ಟು ಕಾಡುಹಣ್ಣು ಕಿತ್ತುಕೊಳ್ಳೋದು ಎಲ್ಲರಿಗೂ ಸೇರಿದ್ದು ಅಂತ. ಕಾಡುಹಣ್ಣಿನ ಮಾತು ಸಂವಿಧಾನದಲ್ಲಿ! ನೆಲ್ಲಿಕಾಯಿ, ಮುಳ್ಳುಹಣ್ಣು ಕಿತ್ತುಕೊಂಡು ಬೆಳೆದ ನನ್ನಂಥವನಿಗೆ ಅದನ್ನು ಓದಿದಾಗ ಖುಷಿಯಾಯ್ತು. ಅದರ ಬೆನ್ನಿಗೆ ಅಲ್ಲಿನ ನಿಸರ್ಗ ರಕ್ಷಣಾ ಕಾಯ್ದೆ, ಸೈಕಲ್ಲಿಗೆ ಯೋಗ್ಯವಾದ ಖಾಸಗಿ ದಾರಿಗಳಲ್ಲೂ ಸೈಕಲ್ ಹೊಡೆಯಬಹುದು, ನಡೆಯೋರಿಗೆ ಮೊದಲ ಆದ್ಯತೆ ಅನ್ನುತ್ತೆ. ಯಾವುದು ಯೋಗ್ಯ ಅಂತ ಅಲ್ಲೂ ಜಗಳ ಇದ್ದೇ ಇದೆ. ಆದ್ರೆ ಅಲ್ಲಿನ ಜಗಳ ಶುರುವಾಗೋದು "ಹೋಗಬಹುದು" ಅನ್ನೋದ್ರಿಂದ. ನಮ್ಮಲ್ಲಿ ಶುರುವಾಗೋದೂ ಮುಗಿಯೋದೂ "ಕೂಡದು" ಅನ್ನೋದ್ರಲ್ಲಿ.

ಬವೇರಿಯಾದ ಕಾಡು ಅದರಿಂದ ಸುಟ್ಟು ಬೂದಿಯಾಯ್ತಾ? ಜಿಂಕೆಗಳೆಲ್ಲ ಊರು ಬಿಟ್ಟವಾ? ಮಿಟ್ಟೆನ್‌ವಾಲ್ಡಿನ ರೈತರು ದಿವಾಳಿ ಎದ್ದರಾ? ಇಲ್ಲವಲ್ಲ.

"ಟಿರೋಲಿನಲ್ಲಿ ಸಾವಿರಾರು ಕಿ.ಮೀ. ಸೈಕಲ್ ದಾರಿ ಇದೆಯಲ್ಲ, ಪ್ರವಾಸೋದ್ಯಮದ ವೆಬ್‌ಸೈಟ್ ತೆಗೆದ್ರೆ ಕಣ್ಣು ಕುಕ್ಕುತ್ತೆ, ಇವನದ್ದೇನು ಗೋಳು" ಅಂತ ನೀವು ಕೇಳಬಹುದು. ಇದೆ. ಅದು ಹೇಗೆ ಬಂತು ಅನ್ನೋದೇ ತಮಾಷೆ. 1997ರಿಂದ ಟಿರೋಲಿನಲ್ಲಿ ಒಂದು ಪದ್ಧತಿ ಇದೆ. ರಾಜ್ಯ ಸರ್ಕಾರ, ಪಂಚಾಯ್ತಿ, ಪ್ರವಾಸೋದ್ಯಮ ಸಂಘ ಸೇರಿ ರಸ್ತೆ ಮಾಲೀಕರ ಜೊತೆ ಕರಾರು ಮಾಡ್ಕೊಳ್ತಾರೆ. ಮೀಟರಿಗೆ ಇಷ್ಟು ಅಂತ ದುಡ್ಡು, ಜೊತೆಗೆ ಅಪಘಾತ ಹೊಣೆಗಾರಿಕೆಗೆ ವಿಮೆ. ಕರಾರಾದ ರಸ್ತೆಗೆ ಬೋರ್ಡು ಬೀಳುತ್ತೆ, ನಕ್ಷೆಗೆ ಬಣ್ಣ ಬೀಳುತ್ತೆ. ಒಳ್ಳೇದೇ. ಇದ್ದದ್ದರಲ್ಲಿ ಜಾಣತನ. ಆಸ್ಟ್ರಿಯಾದ ಬೇರೆ ಎಷ್ಟೋ ರಾಜ್ಯಗಳಿಗಿಂತ ವಾಸಿ ಅನ್ನೋದನ್ನೂ ಒಪ್ಪುತ್ತೇನೆ.

ಆ ಬಣ್ಣ ಬಿದ್ದ ದಾರಿಗಳಲ್ಲಿ ಒಂದನ್ನು ಹೇಳದೇ ಹೋದ್ರೆ ನನಗೆ ಪಾಪ ಬರುತ್ತೆ. ಶಾರ್ನಿಟ್ಸ್ ರೈಲು ನಿಲ್ದಾಣ 964 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ತಿರುಗಿದ್ರೆ ಕಾರ್ವೆಂಡೆಲ್ ಬೆಟ್ಟಸಾಲು. ಎರಡು ದಾರಿ. ಸುಲಭದ್ದು ಹಿಂಟರೌಟಾಲ್ ಅನ್ನೋ ಕಣಿವೆಯಲ್ಲಿ ಇಸಾರ್ ನದಿಯ ಜೊತೆಜೊತೆಗೆ ಹೋಗಿ ಅದರ ಮೂಲಕ್ಕೆ ಮುಟ್ಟಿಸುತ್ತೆ, ಹದಿನಾಲ್ಕು ಕಿ.ಮೀ. ಇರಬಹುದು. ಮ್ಯೂನಿಕ್ ನಗರದ ಮಧ್ಯೆ ಗತ್ತಿನಿಂದ ಹರಿಯೋ ನದಿ ಇಲ್ಲಿ ಪೊದೆ ಮಧ್ಯೆ ತೊರೆ ತೊರೆಯಾಗಿ ನೆಲದಿಂದ ಚಿಮ್ಮೋದನ್ನು ನೋಡೋದೇ ಒಂದು ಸುಖ. ಮಕ್ಕಳನ್ನು ಕರ್ಕೊಂಡು ಹೋಗಿ. ಎರಡನೆಯದು ಕಾರ್ವೆಂಡೆಲ್ ಕಣಿವೆ. ಶುರುವಿನಲ್ಲೇ ಒಂದು ಕಡಿದಾದ ಏರು, ಅಲ್ಲೇ ನಿಮ್ಮ ತಿಂಡಿ ಕರಗುತ್ತೆ. ಆಮೇಲೆ ಲಾರ್ಖೆಟ್ ಆಲ್ಮ್ ದಾಟಿ ಹೊಳೆ ಪಕ್ಕದಲ್ಲಿ ಹಿತವಾದ ದಾರಿ, ಎರಡೂ ಕಡೆ ಗೋಡೆ ಎದ್ದ ಹಾಗೆ ಬೂದು ಬಂಡೆ. ಕೊನೆಗೆ ಹೇರ್‌ಪಿನ್ ತಿರುವುಗಳು. ಹದಿನೆಂಟು ಕಿ.ಮೀ. ಆದ ಮೇಲೆ 1771 ಮೀಟರಿನಲ್ಲಿ ಕಾರ್ವೆಂಡೆಲ್‌ಹೌಸ್, ಬಂಡೆಗೆ ಅಂಟಿಸಿಟ್ಟ ಹಾಗಿರೋ ಗುಡಿಸಲು. ಗುಡಿಸಲು ಅಂತ ಹೆಸರು, ದೊಡ್ಡ ಕಟ್ಟಡವೇ. ಇನ್ನೊಂಚೂರು ಹತ್ತಿದ್ರೆ ಹೋಖಾಲ್ಮ್‌ಸಾಟೆಲ್ ಅನ್ನೋ ಕಣಿವೆಬಾಯಿ. ಅಲ್ಲಿಂದ ಇಳಿಜಾರು. ಬಿಡಿಜಲ್ಲಿ, ಬ್ರೇಕ್ ಮೇಲೆ ಬೆರಳಿರಲಿ. ಕೆಳಗೆ ಕ್ಲೈನರ್ ಆಹೋರ್ನ್‌ಬೋಡನ್, ಹಳೇ ಮೇಪಲ್ ಮರಗಳ ಬಯಲು. 1870ರ ಒಂದೇ ಬೇಸಿಗೆಯಲ್ಲಿ ಈ ಸಾಲಿನ 88 ಶಿಖರ ಹತ್ತಿದ ಹೆರ್ಮನ್ ಫಾನ್ ಬಾರ್ಟ್ ಅನ್ನೋ ಪುಣ್ಯಾತ್ಮನ ಸ್ಮಾರಕ ಕಲ್ಲು ಇಲ್ಲೇ ಇದೆ. ಮುಂದೆ ಯೊಹಾನೆಸ್‌ಟಾಲ್ ಇಳಿದು ಹಿಂಟರ್‌ರಿಸ್ ಹಳ್ಳಿ. ಟಿರೋಲಿನದ್ದೇ ಹಳ್ಳಿ, ಆದ್ರೆ ಕಾರಿನಲ್ಲಿ ಬರಬೇಕಂದ್ರೆ ಜರ್ಮನಿ ಸುತ್ತಿಕೊಂಡೇ ಬರಬೇಕು. ಕೋಬುರ್ಗಿನ ಡ್ಯೂಕನ ಬೇಟೆ ಅರಮನೆ ಇನ್ನೂ ನಿಂತಿದೆ. ಅಲ್ಲಿಂದ ಫೋರ್ಡರ್‌ರಿಸ್, ವಾಲ್‌ಗೌ, ಮಿಟ್ಟೆನ್‌ವಾಲ್ಡ್ ಮೇಲೆ ವಾಪಸ್ ಶಾರ್ನಿಟ್ಸ್. ಎಲ್ಲ ಸೇರಿ ಎಪ್ಪತ್ತೈದು ಕಿ.ಮೀ. ಆಸುಪಾಸು. ನಾನು ನಾಲ್ಕು ಸಲ ಸುತ್ತಿದ್ದೀನಿ. ಒಂದು ಸಲವೂ ಬೇಜಾರಾಗಿಲ್ಲ, ಒಂದು ಸಲವೂ ಕಾಲು ನೋಯದೇ ಇಲ್ಲ.

ಅದಕ್ಕೇ ಹೇಳ್ತಿರೋದು. ಇಷ್ಟು ಚೆಂದದ ದಾರಿ ತೆರೆದಿಟ್ಟು ಆ ಕಣಿವೆ ಏನೂ ಕಳ್ಕೊಂಡಿಲ್ಲ. ಕಾರ್ವೆಂಡೆಲ್ ಸಂರಕ್ಷಿತ ಪ್ರದೇಶ, ಆಸ್ಟ್ರಿಯಾದ ಅತಿ ದೊಡ್ಡ ನಿಸರ್ಗ ಉದ್ಯಾನ, 700 ಚದರ ಕಿ.ಮೀ. ಮೀರಿದ್ದು. ಅಲ್ಲಿ ಸೈಕಲ್ ಹೋಗಬಹುದು. ಆದ್ರೆ ಬರೀ ಸ್ಪ್ರೂಸ್ ನೆಟ್ಟು ಕಡಿದು ಮಾರೋ ನಮ್ಮ ಮನೆ ಹಿಂದಿನ ಕಾಡಲ್ಲಿ ಹೋಗೋ ಹಾಗಿಲ್ಲ. ನಿಸರ್ಗದ ಕಾಳಜಿ ಅಂತ ಹೇಳೋರು ಇದಕ್ಕೊಂದು ಉತ್ತರ ಕೊಡಲಿ.

ಕರಾರು ಪದ್ಧತಿಯ ಮೇಲೆ ನನ್ನ ತಕರಾರು ಮೂರು ಮಾತಿನದ್ದು. ಅದು ಹಕ್ಕಲ್ಲ, ಬಾಡಿಗೆ. ಬಾಡಿಗೆ ಕೊಡೋನು ಬೇಡ ಅಂದ ದಿನ ಬೋರ್ಡು ಹೋಗುತ್ತೆ, ನಕ್ಷೆಯ ಬಣ್ಣ ಮಾಸುತ್ತೆ. ಮತ್ತೆ, ಕರಾರು ಆಗೋದು ಪ್ರವಾಸಿ ಬರೋ ಕಡೆ. ಹೋಟೆಲ್ಲಿಲ್ಲದ ಕಣಿವೆಗೆ ದುಡ್ಡು ಕೊಟ್ಟು ದಾರಿ ತೆರೆಸೋಕೆ ಯಾವ ಪ್ರವಾಸೋದ್ಯಮ ಸಂಘಕ್ಕೂ ಪುರುಸೊತ್ತಿಲ್ಲ. ಹ್ಯಾಂಬರ್ಗಿನಿಂದ ಒಂದು ವಾರಕ್ಕೆ ಬಂದವನಿಗೆ ದಾರಿ, ಹನ್ನೊಂದು ವರ್ಷದಿಂದ ಇಲ್ಲೇ ತೆರಿಗೆ ಕಟ್ಟೋನಿಗೆ ಮುಚ್ಚಳಿಕೆ. ಇನ್ನು ಮೂರನೇ ಮಾತು, ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯೋದು: ದೇಶದ ಅತಿ ದೊಡ್ಡ ಅರಣ್ಯ ಒಡೆಯ ಯಾರು ಗೊತ್ತಾ? ಬುಂಡೆಸ್‌ಫೋರ್ಸ್ಟೆ, ಗಣರಾಜ್ಯದ್ದೇ ಕಂಪನಿ. 1997ರಲ್ಲಿ ಕಂಪನಿ ರೂಪ ಬಂತು, ಷೇರೆಲ್ಲ ಸರ್ಕಾರದ್ದು. ಕಾರ್ವೆಂಡೆಲಿನ ಬಹುಪಾಲು ನೆಲವೂ ಅವರದೇ. ಅಲ್ಲೂ ಇದೇ ನಿಯಮ, ಕರಾರಿದ್ರೆ ದಾರಿ. ಜನರ ಕಾಡಿನಲ್ಲಿ ಜನ ಸೈಕಲ್ ಹೊಡೆಯೋಕೆ, ಜನರ ತೆರಿಗೆ ದುಡ್ಡನ್ನು ಜನರ ಕಂಪನಿಗೆ ಬಾಡಿಗೆ ಕೊಡಬೇಕು! ನಮ್ಮ ಕಡೆ ಇದಕ್ಕೆ ಎಡಗೈಯಿಂದ ಬಲಗೈಗೆ ದುಡ್ಡು ಕೊಟ್ಟು ರಸೀತಿ ಬರೆಯೋದು ಅಂತಾರೆ. ಅಷ್ಟೇ ಅಲ್ಲ, ಖಾಸಗಿ ಅರಣ್ಯ ರಸ್ತೆ ಮಾಡೋಕೂ ಗ್ರಾಮೀಣಾಭಿವೃದ್ಧಿ ಅನುದಾನ ಸಿಗುತ್ತೆ, ಅದರಲ್ಲಿ ಯೂರೋಪಿಯನ್ ಯೂನಿಯನ್ ಪಾಲೂ ಉಂಟು. ರಸ್ತೆ ಮಾಡುವಾಗ ನಮ್ಮ ದುಡ್ಡು ಬೇಕು. ಮೇಲೆ ಹೋಗುವಾಗ ನಾವು ಬೇಡ.

ಇನ್ನು ಎದುರಿನವರ ವಾದ. ಅವರೆಲ್ಲ ಕೆಟ್ಟವರು, ಹಣದಾಸೆಯವರು ಅಂತ ನಮ್ಮ ಸೈಕಲ್ ಗುಂಪುಗಳಲ್ಲಿ ಬರೆಯೋದನ್ನು ನಾನು ಒಪ್ಪೋದಿಲ್ಲ.

ರೈತನ ಭಯ ನಿಜವಾದದ್ದು. 2014ರ ಜುಲೈನಲ್ಲಿ ಇಲ್ಲೇ ಹತ್ತಿರ, ಷ್ಟುಬಾಯ್ ಕಣಿವೆಯ ಪಿನ್ನಿಸ್‌ಟಾಲ್‌ನಲ್ಲಿ, ನಾಯಿ ಜೊತೆ ನಡೆದು ಹೋಗ್ತಿದ್ದ ಜರ್ಮನ್ ಮಹಿಳೆಯೊಬ್ಬರನ್ನು ಕರು ಕಾಯೋ ಹಸುಗಳು ತುಳಿದು ಕೊಂದವು. 2019ರಲ್ಲಿ ಇನ್ಸ್‌ಬ್ರುಕ್ ಕೋರ್ಟು ರೈತನದೇ ಪೂರ್ತಿ ತಪ್ಪು ಅಂತ ಹೇಳಿ, ಮುಂದೆ ಕೊಡಬೇಕಾದ ತಿಂಗಳ ಮೊತ್ತವನ್ನೂ ಸೇರಿಸಿದ್ರೆ ನಾಲ್ಕೂ ಮುಕ್ಕಾಲು ಲಕ್ಷ ಯೂರೋ ಮೀರೋ ಪರಿಹಾರ ವಿಧಿಸಿತು. ಮೇಲಿನ ಕೋರ್ಟು ಅದನ್ನು ಅರ್ಧಕ್ಕಿಳಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಅರ್ಧವನ್ನು ಎತ್ತಿಹಿಡಿಯಿತು. ಆ ತೀರ್ಪು ಬಂದ ದಿನ ಟಿರೋಲಿನ ಪ್ರತಿ ಕೊಟ್ಟಿಗೆಯಲ್ಲೂ ಅದೇ ಮಾತು. ಹತ್ತು ಹಸು ಇಟ್ಟುಕೊಂಡವನಿಗೆ ಆ ಅಂಕಿ ಕೇಳಿದ್ರೆ ನಿದ್ದೆ ಬರುತ್ತಾ? ನಾನೂ ದನ ಕಟ್ಟಿದ ಮನೆಯಿಂದ ಬಂದವನು. ಕರು ಹಾಕಿದ ಹಸು ಹತ್ತಿರ ಹೊರಗಿನೋರು ಹೋದ್ರೆ ಏನಾಗುತ್ತೆ ಅಂತ ನನ್ನ ಅಜ್ಜಿಗೆ ಯಾವ ಕೋರ್ಟೂ ಹೇಳಿಕೊಡಬೇಕಿರಲಿಲ್ಲ.

ಆದ್ರೆ ಸ್ವಲ್ಪ ತಾಳ್ಮೆಯಿಂದ ನೋಡಿ. ಸತ್ತವರು ನಡೆಯೋರು. ನಡೆಯೋರಿಗೆ ಮೊದಲಿಂದಲೂ ಅವಕಾಶ ಇದೆ. ಸೈಕಲ್ ನಿಷೇಧ ಆ ಹೆಂಗಸನ್ನೂ ಉಳಿಸಲಿಲ್ಲ, ಆ ರೈತನನ್ನೂ ಉಳಿಸಲಿಲ್ಲ. ರೈತನನ್ನು ಉಳಿಸೋದು ಹೊಣೆಗಾರಿಕೆಯ ಕಾನೂನು. 2019ರಲ್ಲೇ ಆಸ್ಟ್ರಿಯಾ ತನ್ನ ಸಿವಿಲ್ ಸಂಹಿತೆ ತಿದ್ದಿ, ಆಲ್ಮ್‌ಗೆ ಬರೋರು ತಮ್ಮ ಜವಾಬ್ದಾರಿ ತಾವು ನೋಡ್ಕೊಳ್ಳಬೇಕು ಅನ್ನೋದನ್ನು ಸೇರಿಸಿತು. ರಸ್ತೆಯ ವಿಷಯದಲ್ಲೂ ಅದೇ ಸಂಹಿತೆ, ಉದ್ದೇಶಪೂರ್ವಕ ಅಥವಾ ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ ದಾರಿಯ ಒಡೆಯ ಹೊಣೆ ಅನ್ನುತ್ತೆ. ಇನ್ನೊಂದು ಹೆಜ್ಜೆ ಹಾಕಿ, "ಅರಣ್ಯ ರಸ್ತೆಯಲ್ಲಿ ಸೈಕಲ್ ಹೊಡೆಯೋನು ಗುಂಡಿಗೆ ಬಿದ್ರೆ, ದಿಮ್ಮಿಗೆ ಗುದ್ದಿದ್ರೆ, ಅವನ ಹಣೆಬರಹ" ಅಂತ ಸ್ಪಷ್ಟವಾಗಿ ಬರೆಯಿರಿ. ನಾನು ಮೊದಲ ಸಹಿ ಹಾಕ್ತೀನಿ. ಗುಂಡಿಗೆ ಬಿದ್ದು ಪಂಚಾಯ್ತಿ ಮೇಲೆ ಕೇಸು ಹಾಕೋ ಅಭ್ಯಾಸ ನಮ್ಮೂರಿನವರಿಗೆ ಹೇಗೂ ಇಲ್ಲ.

ಬೇಟೆಯವರ ವಾದದಲ್ಲಿ ಅರ್ಧ ಸತ್ಯ ಇದೆ. ಜಿಂಕೆ ಹುಲ್ಲುಗಾವಲಿಗೆ ಬರೋದು ಬೆಳಗಿನ ಜಾವ, ಸಂಜೆಗತ್ತಲು. ಆ ಹೊತ್ತಲ್ಲಿ ತಲೆಗೆ ಲೈಟು ಕಟ್ಟಿಕೊಂಡ ಸೈಕಲ್ಲಿನವರು ಸರ್ರನೆ ಇಳಿದ್ರೆ ಅವು ಹೊರಗೇ ಬರೋದಿಲ್ಲ. ಕಾಡೊಳಗೇ ಇದ್ದು ಹಸಿವಿಗೆ ಎಳೇ ಮರದ ತೊಗಟೆ ಸುಲಿಯುತ್ತವೆ. ಇಲ್ಲಿನ ಕಡಿದಾದ ಬೆಟ್ಟದಲ್ಲಿ ಹಿಮಕುಸಿತ, ಕಲ್ಲುಕುಸಿತ ತಡೆಯೋದೇ ಆ ಕಾಡು. ಹಾಗಾಗಿ ಅದು ಜಿಂಕೆಯ ಮಾತು ಮಾತ್ರವಲ್ಲ, ಕೆಳಗಿನ ಊರಿನ ಮಾತೂ ಹೌದು. ಒಪ್ಪಿದೆ. ಹಾಗಾದ್ರೆ ಹೊತ್ತು ಕಟ್ಟಿ: ಸೂರ್ಯ ಹುಟ್ಟಿದ ಒಂದೆರಡು ಗಂಟೆ ಮೇಲೆ ಶುರು, ಮುಳುಗೋಕೆ ಒಂದೆರಡು ಗಂಟೆ ಮುಂಚೆ ಬಂದ್. ಚಳಿಗಾಲದಲ್ಲಿ ಪೂರ್ತಿ ಬಂದ್. ಮರ ಕಡಿಯುವಾಗ ಬಂದ್. ಇಂಥ ನಿಷೇಧಕ್ಕೆ ಅರ್ಥ ಇದೆ, ಮಕ್ಕಳಿಗೆ ಬಿಡಿಸಿ ಹೇಳಬಹುದು. ಸ್ವಿಟ್ಜರ್ಲೆಂಡಿನ ಎಂಗಡೀನ್ ಕಡೆ 1914ರಲ್ಲಿ ಆದ ರಾಷ್ಟ್ರೀಯ ಉದ್ಯಾನದಲ್ಲಿ ಸೈಕಲ್ಲೂ ಇಲ್ಲ, ನಾಯಿಯೂ ಇಲ್ಲ, ದಾರಿ ಬಿಟ್ಟು ಕಾಲಿಡೋ ಹಾಗೂ ಇಲ್ಲ. ನನ್ನ ತಕರಾರಿಲ್ಲ, ಯಾಕಂದ್ರೆ ಅಲ್ಲಿ ಮರ ಕಡಿಯೋ ಹಾಗೂ ಇಲ್ಲ, ಬೇಟೆ ಆಡೋ ಹಾಗೂ ಇಲ್ಲ. ಎಲ್ಲರಿಗೂ ಒಂದೇ ನಿಯಮ. ಆದ್ರೆ ಹಗಲು ಹನ್ನೊಂದು ಗಂಟೆಗೆ, ಗರಗಸದ ಯಂತ್ರ ಕಿವಿ ಕಿವುಡು ಮಾಡ್ತಿರುವಾಗ, ನಲವತ್ತು ಟನ್ನಿನ ಲಾರಿ ಹಿಂದೆ ಬರೋ ಜೀಪಿನಿಂದ ಇಳಿದು, ಹನ್ನೆರಡು ವರ್ಷದ ಹುಡುಗಿಯ ಸೈಕಲ್ಲು ಜಿಂಕೆ ಹೆದರಿಸುತ್ತೆ ಅನ್ನೋದು ಯಾವ ಅರಣ್ಯಶಾಸ್ತ್ರ?

ಒಡೆತನದ ಮಾತು ಉಳಿಯಿತು. "ನಿನ್ನ ಅಂಗಳದಲ್ಲಿ ನಾನು ಸೈಕಲ್ ಹೊಡೀಲಾ?" ಅಂತ ಕೇಳ್ತಾರೆ. ಮಲೆನಾಡಿನವರಿಗೆ ಈ ಪ್ರಶ್ನೆ ಹೊಸತಲ್ಲ. ನಮ್ಮಲ್ಲಿ ಸೊಪ್ಪಿನ ಬೆಟ್ಟ ಅಂತಿದೆ. ನೆಲ ಸರ್ಕಾರದ್ದು, ಸೊಪ್ಪು ತರೋ ಹಕ್ಕು ತೋಟದವನದ್ದು, ನಡುವೆ ಕಾಲುದಾರಿ ಇಡೀ ಊರಿನದ್ದು. ಒಂದೇ ನೆಲದ ಮೇಲೆ ಮೂರು ಬಗೆಯ ಹಕ್ಕು ಕೂತಿರುತ್ತೆ, ಯಾರದ್ದೂ ಯಾರಿಗೂ ಪೂರ್ತಿ ಅಲ್ಲ. ಟಿರೋಲಿನ ರೈತರಿಗೂ ಇದು ಚೆನ್ನಾಗಿ ಗೊತ್ತು. ಸರ್ಕಾರಿ ಕಾಡಲ್ಲಿ ದನ ಮೇಯಿಸೋ, ಸೌದೆ ತರೋ ಹಳೇ ಬಳಕೆ ಹಕ್ಕುಗಳ ಮೇಲೇ ಎಷ್ಟೋ ಆಲ್ಮ್‌ಗಳು ನಿಂತಿವೆ. ತನ್ನದಲ್ಲದ ನೆಲದ ಮೇಲೆ ತನಗೆ ಹಕ್ಕಿದೆ ಅಂತ ಸರಿಯಾಗೇ ವಾದಿಸೋ ರೈತ, ಅದೇ ರಸ್ತೆ ಮೇಲೆ ದಾಟಿ ಹೋಗೋ ಹಕ್ಕನ್ನು ಇನ್ನೊಬ್ಬನಿಗೆ ಯಾಕೆ ಕೊಡಬಾರದು? ನಾನು ಕೇಳ್ತಿರೋದು ಅಂಗಳ ಅಲ್ಲ. ಮನೆಮುಂದಿನ ದಾರಿ.

ಮತ್ತೆ ದಾರಿ ಅಂದ್ರೆ ದಾರಿ, ಕಾಲುದಾರಿ ಅಲ್ಲ. ಇಲ್ಲಿ ನಮ್ಮವರಿಗೇ ಎರಡು ಮಾತು. ಅರಣ್ಯ ರಸ್ತೆ ತೆರೆಯಿರಿ ಅಂತ ಕೇಳೋ ಬಾಯಲ್ಲೇ ಒಂದೂವರೆ ಅಡಿ ಅಗಲದ ಬೆಟ್ಟದ ಕಾಲುದಾರಿಯನ್ನೂ ಸೇರಿಸಿ ಕೇಳೋರು ಎರಡನ್ನೂ ಕಳ್ಕೊಳ್ತಾರೆ. ಅಜ್ಜಿ ಕೋಲೂರಿಕೊಂಡು ಬರೋ ದಾರಿಯಲ್ಲಿ ತಿರುವಿನಿಂದ ಸೈಕಲ್ ನುಗ್ಗಿದ್ರೆ ಆ ಅಜ್ಜಿ ಮುಂದಿನ ಚುನಾವಣೆಯವರೆಗೂ ಅದನ್ನು ಮರೆಯೋಲ್ಲ. ದಣಪೆ ತೆಗೆದವನು ಹಾಕೋದಿಲ್ಲ ಅನ್ನೋದು ನಮ್ಮ ಮೇಲಿನ ದೊಡ್ಡ ದೂರು, ಅದು ಸುಳ್ಳೂ ಅಲ್ಲ. ದಣಪೆ ಅಂತ ಬರೆದೆ, ಇಲ್ಲಿ ಕಬ್ಬಿಣದ ಗೇಟು ಅಥವಾ ಕರೆಂಟ್ ತಂತಿಯ ಕೊಕ್ಕೆ, ಕೆಲಸ ಒಂದೇ. ಕಳೆದ ಆಗಸ್ಟಿನಲ್ಲಿ ನನ್ನ ಕಣ್ಣೆದುರೇ ಒಬ್ಬ ಸಮಯ ದಾಖಲೆ ಹಾಳಾಗುತ್ತೆ ಅಂತ ಗೇಟು ಹಾಗೇ ಬಿಟ್ಟು ಹೋದ. ಎಂಟು ಕಡಸುಗಳು ಸಾಲಾಗಿ ಹೊರಬಂದು ರಸ್ತೆ ಹಿಡಿದವು. ಅವನ್ನು ಹಿಂದಕ್ಕೆ ಹೊಡೆಯೋಕೆ ನನಗೆ ಮುಕ್ಕಾಲು ಗಂಟೆ ಬೇಕಾಯ್ತು. ಟಿರೋಲಿನ ಹಸುವಿಗೂ "ಹೋಯ್ ಹೋಯ್" ಅರ್ಥ ಆಗುತ್ತೆ ಅಂತ ಅವತ್ತು ಗೊತ್ತಾಯ್ತು. ಅಂಥ ಒಬ್ಬ ಸೈಕಲ್ಲಿನವನು ನೂರು ವಕೀಲರಿಗಿಂತ ಹೆಚ್ಚು ರಸ್ತೆ ಮುಚ್ಚಿಸ್ತಾನೆ.

ಪ್ರವಾಸೋದ್ಯಮದವರನ್ನಂತೂ ಬಿಡೋ ಹಾಗೇ ಇಲ್ಲ. ಐದಾರು ವರ್ಷದಿಂದ ಇವರಿಗೆ ಗ್ರಾವೆಲ್ ಅನ್ನೋ ಪದ ಸಿಕ್ಕಿದೆ. ಹಳೇ ಮೌಂಟನ್ ಬೈಕ್ ದಾರಿಗೇ ಹೊಸ ಹೆಸರು, ಹೊಸ ಬಣ್ಣ, ಹೊಸ ಕರಪತ್ರ. ಮುಖಪುಟದಲ್ಲಿ ಖಾಲಿ ಜಲ್ಲಿ ರಸ್ತೆ, ಗಡ್ಡ ಬಿಟ್ಟ ಯುವಕ, ಹಿಂದೆ ಸಂಜೆಯ ಕೆಂಪು ಶಿಖರ. ಆ ಚಿತ್ರ ನೋಡಿ ಬಂದವನು ಪಕ್ಕದ ಇನ್ನೊಂದು ಖಾಲಿ ಜಲ್ಲಿ ರಸ್ತೆಗೆ ತಿರುಗಿದ್ರೆ ಅವನು ಅಪರಾಧಿ ಅನ್ನೋದನ್ನು ಕರಪತ್ರ ದೊಡ್ಡಕ್ಷರದಲ್ಲಿ ಹೇಳೋದಿಲ್ಲ. ಸ್ವಾತಂತ್ರ್ಯದ ಚಿತ್ರ ಮಾರಿ ದುಡ್ಡು ಮಾಡೋರು, ಆ ಸ್ವಾತಂತ್ರ್ಯ ಕಾನೂನಲ್ಲಿ ಬರಲಿ ಅಂದಾಗ ಮಾತ್ರ ಬಾಯಿ ಮುಚ್ಚಿ ಕೂರ್ತಾರೆ. ಕರಾರಿನ ದಾರಿ ಇದ್ರೆ ತಾನೇ ಅವರ ನಕ್ಷೆಗೆ ಬೆಲೆ.

ಇದನ್ನೆಲ್ಲ ರಾಜ್ಯೋತ್ಸವಕ್ಕೆ ಮ್ಯೂನಿಕ್‌ಗೆ ಹೋಗಿದ್ದಾಗ ಊಟದ ಸಾಲಲ್ಲಿ ನಿಂತು ಹೇಳ್ತಿದ್ದೆ. ಹಿರಿಯರೊಬ್ಬರು ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ಕೇಳಿಸ್ಕೊಂಡು, "ನಾವು ಹೊರಗಿನಿಂದ ಬಂದೋರು ಕಣಯ್ಯಾ. ಅವರ ಬೆಟ್ಟ, ಅವರ ಕಾನೂನು. ಸುಮ್ಮನೆ ಇರೋದು ವಾಸಿ" ಅಂದ್ರು. ವಯಸ್ಸಿಗೆ ಮರ್ಯಾದೆ ಕೊಟ್ಟು ಅಲ್ಲಿ ಸುಮ್ಮನಾದೆ. ಇಲ್ಲಿ ಆಗೋದಿಲ್ಲ. ವಕೀಲರ ಪತ್ರದಲ್ಲಿ ಹೊರಗಿನಿಂದ ಬಂದೋನು ಅಂತ ರಿಯಾಯ್ತಿ ಇರಲಿಲ್ಲ ಸಾರ್, ಪೂರ್ತಿ ಮೊತ್ತವೇ ಇತ್ತು. ಪತ್ರ ಹೊರಗಿನವನಿಗೂ ಬರುತ್ತೆ ಅಂದ್ಮೇಲೆ ಮಾತು ಯಾಕೆ ಒಳಗಿನವನಿಗೆ ಮಾತ್ರ? ಮಗಳು ಹುಟ್ಟಿದ್ದು ಬೆಂಗಳೂರಲ್ಲಾದ್ರೂ ಬೆಳೆದದ್ದು ಈ ಕಣಿವೆಯಲ್ಲಿ. ಅವಳಿಗೆ ಇದು ಅವರ ಬೆಟ್ಟ ಅಲ್ಲ. ಕಿಟಕಿ ತೆಗೆದ್ರೆ ಕಾಣೋ ಬೆಟ್ಟ. ಅವಳ ತರಗತಿಯ ಹುಡುಗನೊಬ್ಬನ ಅಪ್ಪನಿಗೂ ಇಂಥದೇ ಪತ್ರ ಬಂದಿತ್ತಂತೆ. ಹತ್ತು ತಲೆಮಾರಿನ ಟಿರೋಲಿನವರು ಅವರು. ಅವರು ಕಟ್ಟಲಿಲ್ಲ, ವಾದ ಮಾಡ್ತಿದ್ದಾರಂತೆ. ನಾನು ಹೆದರಿ ಕಟ್ಟಿದೆ. ಈ ವ್ಯತ್ಯಾಸ ನನಗೆ ಮುನ್ನೂರು ಯೂರೋಗಿಂತ ಹೆಚ್ಚು ಚುಚ್ಚಿದೆ.

ಅವಳ ಪ್ರಶ್ನೆಗೆ ಅವತ್ತು ಉತ್ತರ ಹೇಳಿರಲಿಲ್ಲ. ಈ ಲೇಖನ ಬರೆಯೋ ಮುಂಚೆ ಕೂರಿಸಿಕೊಂಡು ಹೇ‌ಳಿದೆ: ಇಲ್ಲ ಮಗಾ, ಏನೂ ಕದಿಯಲಿಲ್ಲ. ಬೋರ್ಡು ನೋಡಿಯೂ ಮುಂದೆ ಹೋದದ್ದು ನನ್ನ ತಪ್ಪು, ಅದಕ್ಕೆ ದುಡ್ಡು ಕಟ್ಟಿದೆ. ಆ ಬೋರ್ಡು ಅಲ್ಲಿರೋದು ನನ್ನ ತಪ್ಪಲ್ಲ, ಅದನ್ನು ಬರವಣಿಗೆಯಲ್ಲಿ ಕೇಳ್ತಿದ್ದೀನಿ. ನಮ್ಮ ಕ್ಷೇತ್ರದ ಸಂಸದರಿಗೂ ಜರ್ಮನ್‌ನಲ್ಲಿ ಒಂದು ಪುಟ ಬರೆದೆ, ವ್ಯಾಕರಣ ತಿದ್ದಿದ್ದು ಅವಳೇ. ಎರಡು ಕಡೆ ವಿಭಕ್ತಿ ತಪ್ಪಿತ್ತಂತೆ. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಭಾನುವಾರ ಮಳೆ ಇಲ್ಲ ಅಂತಿದ್ದಾರೆ. ಬೆಳಗ್ಗೆ ರೈಲು ಹಿಡಿದು ಶಾರ್ನಿಟ್ಸ್, ಅಲ್ಲಿಂದ ಇಸಾರ್ ಮೂಲಕ್ಕೆ. ಚಿತ್ರಾನ್ನ ಕಟ್ಟಿಕೊಂಡು ಹೋಗೋದು ಅಂತ ಮಾತಾಗಿದೆ. ಮಗಳು ಬರ್ತಾಳಂತೆ. ಆ್ಯಪ್ ನನ್ನ ಕೈಯಿಂದ ಕಿತ್ತುಕೊಂಡು, ಕರಾರಿನ ದಾರಿ ಯಾವುದು, ಅಲ್ಲದ್ದು ಯಾವುದು ಅಂತ ಒಂದೊಂದೇ ತಿರುವು ನೋಡ್ತಾ ಕೂತಿದ್ದಾಳೆ.